ಹತ್ತು ಎಣಿಸುವ ಮೊದಲು

ನನಗೆ ಭಯ ಬಲಗಾಲಿನ ಹಿಮ್ಮಡಿಯಿಂದ ಹತ್ತುತ್ತದೆ. ಬೇರೆಯವರಿಗೆ ಎದೆಯಲ್ಲಿ ಶುರುವಾಗುತ್ತದಂತೆ, ಕೆಲವರಿಗೆ ಹೊಟ್ಟೆಯಲ್ಲಂತೆ. ನನಗೆ ಮೊದಲು ಹಿಮ್ಮಡಿ ತಣ್ಣಗಾಗುತ್ತದೆ. ಆಮೇಲೆ ಪಾದ ತಾನಾಗಿಯೇ ಕೆಳಕ್ಕೆ ಒತ್ತತೊಡಗುತ್ತದೆ, ಅಲ್ಲೊಂದು ಬ್ರೇಕು ಇದ್ದಂತೆ. ನೆಲವನ್ನು ಒತ್ತುತ್ತೇನೆ. ಮಲಗಿದ್ದರೆ ಮಂಚದ ಹಲಗೆಯನ್ನು ಒತ್ತುತ್ತೇನೆ. ಬಸ್ಸಿನಲ್ಲಿ ಮುಂದಿನ ಸೀಟಿನ ಕೆಳಗಿನ ಕಂಬಿಯನ್ನು ಒತ್ತುತ್ತೇನೆ. ಮೀನಖಂಡ ಕಲ್ಲಾಗುತ್ತದೆ, ಹಲ್ಲು ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಉಸಿರು ಗಂಟಲಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಇದನ್ನು ಬರೆಯುವಾಗಲೂ ಕಾಲು ಮೇಜಿನ ಅಡ್ಡಪಟ್ಟಿಯ ಮೇಲಿದೆ.

ಇಪ್ಪತ್ತು ವರ್ಷದಿಂದ ಹೀಗೆ. ನನ್ನ ಹೆಂಡತಿ ಅದನ್ನು ವಾಯು ಎಂದು ತಿಳಿದಿದ್ದಳು. ಎಣ್ಣೆ ಬಿಸಿ ಮಾಡಿ ತಂದು ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು.

"ಎಷ್ಟ್ ಗಟ್ಟಿ ಒತ್ತತೀರಿ! ನೆಲಾ ಏನ್ ಓಡಿ ಹೊಕ್ಕೈತೇನ್ರಿ?" ಎಂದು ನಗುತ್ತಿದ್ದಳು.

ನಾನೂ ನಕ್ಕಂತೆ ಮಾಡುತ್ತಿದ್ದೆ. ನೆಲ ಓಡಿಹೋಗುತ್ತದೆ ಎಂಬುದೇ ನನ್ನ ಭಯವಾಗಿತ್ತು. ಕಾಲು ಎತ್ತಿದರೆ ನನ್ನ ಹಿಂದಿರುವ ಎಲ್ಲವೂ ಹಿಂದಕ್ಕೆ ಉರುಳಿ ಯಾರದೋ ಮೇಲೆ ಹೋಗುತ್ತದೆ. ಇದನ್ನು ಅವಳಿಗೆ ಹೇಳಿರಲಿಲ್ಲ.

ನಾನು ಮೂಡಲಗಿಯವನು. ಹತ್ತನೆಯ ಇಯತ್ತೆ ಪಾಸಾಗಿ, ಮುಂದೆ ಕಲಿಯುವ ಮನಸ್ಸಿಲ್ಲದೆ ಹೊಲಕ್ಕಿಳಿದೆ. ಆಮೇಲೆ ಒಂದು ಟ್ರ್ಯಾಕ್ಟರ್ ತೆಗೆದುಕೊಂಡು ಕಬ್ಬು ಸಾಗಿಸಲು ನಿಂತೆ. ಈಗ ಅರವತ್ತೆಂಟು ತುಂಬಿದೆ. ಟ್ರ್ಯಾಕ್ಟರ್ ಮಾರಿ ಬಹಳ ವರ್ಷವಾಯಿತು. ಊರಲ್ಲಿ ಒಳ್ಳೆಯ ಹೆಸರಿದೆ. ಈ ಬರಹ ಆ ಹೆಸರಿನ ಬಗ್ಗೆ.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ನಾನು ಹೆಂಡತಿಯೊಂದಿಗೆ ಹುಕ್ಕೇರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಅವಳ ತವರಿನ ಕಡೆಯವರ ಮನೆಯಲ್ಲಿ ಮಗುವಿನ ತೊಟ್ಟಿಲ ಕಾರ್ಯಕ್ರಮವಿತ್ತು. ಹುಕ್ಕೇರಿ ಇನ್ನೂ ದೂರ ಇರುವಾಗ ಒಂದು ಏರಿನಲ್ಲಿ ಬಸ್ಸು ನಿಂತಿತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಏರು ಹತ್ತಲಾರದೆ ಏದುಸಿರು ಬಿಡುತ್ತಿತ್ತು. ಅದರ ಮೇಲೆ ಎರಡು ದೊಡ್ಡ ಸ್ಪೀಕರುಗಳು. ಹಾಡು ಎಷ್ಟು ಜೋರಾಗಿತ್ತೆಂದರೆ ನಮ್ಮ ಬಸ್ಸಿನ ಗಾಜುಗಳೂ ನಡುಗುತ್ತಿದ್ದವು. ಒಬ್ಬ ಮನುಷ್ಯ ಎರಡೂ ಕೈಯಲ್ಲಿ ಕಲ್ಲು ಹಿಡಿದು ಟ್ರೇಲರಿನ ಹಿಂದಿನ ಗಾಲಿಯ ಕಡೆ ಬಗ್ಗಿದ.

ನನ್ನ ಹಿಮ್ಮಡಿ ತಣ್ಣಗಾಯಿತು. ಕಾಲು ಕಂಬಿಯನ್ನು ಒತ್ತಿತು. ಈ ಸಲ ಅಲ್ಲಿಗೇ ನಿಲ್ಲಲಿಲ್ಲ. ಎಡಗೈ ಜೋಮು ಹಿಡಿಯಿತು. ಬೆನ್ನ ಮೇಲೆ ನೀರು ಸುರಿದಂತೆ ಬೆವರು. ಬಸ್ಸಿನಲ್ಲಿದ್ದವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನು ಸಾಯುತ್ತಿದ್ದೇನೆ ಎಂದು ಖಾತ್ರಿಯಾಯಿತು. ಆಗ ನನಗೆ ಬಂದ ವಿಚಾರ ದೇವರದಲ್ಲ, ಹೆಂಡತಿಯದಲ್ಲ. 'ಹೇಳದೇ ಹೊರಟೆ' ಎಂಬುದೊಂದೇ.

ತೊಟ್ಟಿಲು ಬಿಟ್ಟು ನನ್ನನ್ನು ಗೋಕಾಕಿಗೆ ತಂದರು. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವರು, ನಮ್ಮ ಕಡೆಯವರೇ. ಎದೆಗೆ ತಂತಿ ಹಚ್ಚಿ, ಪಟ್ಟಿ ತೆಗೆದು, ರಕ್ತ ಪರೀಕ್ಷೆ ಮಾಡಿ, ಸಂಜೆ ನನ್ನ ಮಂಚದ ಬಾಜೂ ಸ್ಟೂಲು ಎಳೆದುಕೊಂಡು ಕೂತರು.

"ಕಾಕಾರ, ನಿಮ್ಮ ಎದಿ ಎತ್ತಿನ ಎದಿ ಇದ್ದಂಗ ಐತಿ. ಹಾರ್ಟಿಗೆ ಏನೂ ಆಗಿಲ್ಲ."

"ಹಂಗಾರ ಇದೇನ್ರಿ?" ಎಂದಳು ಹೆಂಡತಿ. "ಹೆಣದಂಗ ತಣ್ಣಗಾಗಿದ್ರು."

"ಅಂಜಿಕಿ, ಅಕ್ಕಾರ. ದೊಡ್ಡ ಅಂಜಿಕಿ ಆದಾಗ ಮೈಯಾಗ ಇದೆಲ್ಲಾ ಆಗತೈತಿ." ಅವರು ನನ್ನ ಕಡೆ ತಿರುಗಿದರು. "ಹಿಂದ ಯಾವಾಗರ ಏನರ ಕೆಟ್ಟ ಘಟನಾ ನೋಡೀರೇನು? ಅದು ಹಳೇದು ಅಂತ ತಲಿಗೆ ಗೊತ್ತಿರತೈತಿ. ಕಾಲಿಗೆ ಗೊತ್ತಿರೂದಿಲ್ಲ."

ಕಾಲು ಎಂದೇ ಅವರು ಅಂದರು. ನಾನು ಕಾಲಿನ ಮಾತು ಎತ್ತಿರಲೇ ಇಲ್ಲ. ಹೊದ್ದ ಚಾದರದ ಒಳಗೆ ಪಾದ ಒತ್ತುವುದನ್ನು ನೋಡಿದ್ದರೋ ಏನೋ. ನಾನು ಹೆದರಿ, "ಇಲ್ರಿ, ಏನೂ ನೋಡಿಲ್ಲ" ಎಂದೆ.

ಅವರು ಒತ್ತಾಯಿಸಲಿಲ್ಲ. ಅದೇ ದವಾಖಾನೆಯಲ್ಲಿ ಉಸಿರಾಟ ಹೇಳಿಕೊಡುವ ಒಬ್ಬ ಹೆಣ್ಣುಮಗಳ ಬಳಿಗೆ ಮರುದಿನ ನನ್ನನ್ನು ಕಳಿಸಿದರು. ಚಾಪೆ ಹಾಸಿದ ಸಣ್ಣ ಕೋಣೆ. ಆಕೆ ನನ್ನ ಎದುರು ಕೂತು ಮೆಲ್ಲಗೆ ಹೇಳಿದರು.

"ಕಣ್ಣ ಮುಚ್ರಿ. ಉಸರ ತಗೊಳ್ರಿ. ಈಗ ಹಿಡೀರಿ. ನಾ ಹತ್ತರ ತನಕ ಎಣಸ್ತೀನಿ. ಹತ್ತಕ್ಕ ಸಾವಕಾಶ ಬಿಡ್ರಿ."

ಒಂದು, ಎರಡು, ಮೂರು. ಐದಕ್ಕೆ ನನ್ನ ಬಾಯಲ್ಲಿ ಕಬ್ಬಿಣದ ರುಚಿ ಬಂತು. ಏಳಕ್ಕೆ ಎದ್ದು ನಿಂತೆ. ಚಪ್ಪಲಿ ಮೆಟ್ಟದೆ ಹೊರಗೆ ಬಂದು ಗೋಡೆ ಹಿಡಿದೆ. ಊರಿನ ಎಲ್ಲರಿಗೂ ಸಮಾಧಾನ ಕೊಡುವ ಆ ಎಣಿಕೆ ನನ್ನನ್ನು ಕೊಲ್ಲಲು ಬಂದಂತಿತ್ತು.

ಆಕೆ ಹಿಂದೆಯೇ ಬಂದರು. ಬಯ್ಯಲಿಲ್ಲ. "ಎಣಿಕಿ ಬ್ಯಾಡ್ರಿ ಬಿಡ್ರಿ. ಬರೇ ಕೇಳ್ರಿ. ರಿಕ್ಷಾ ಹೊಂಟೈತಿ, ಯಾರೋ ಬಾಂಡೆ ತೊಳ್ಯಾಕತ್ತಾರ. ಏನೇನ ಸಪ್ಪಳ ಐತಿ ಅದನ್ನಷ್ಟ ಕೇಳ್ರಿ" ಎಂದರು. ಆಮೇಲೆ, "ಹತ್ತಕ್ಕ ಏನಾಗಿತ್ರಿ ಅಜ್ಜಾರ?" ಎಂದು ಕೇಳಿದರು.

ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ.

ಹತ್ತಕ್ಕೆ ಆದದ್ದನ್ನು ಈಗ ಹೇಳುತ್ತೇನೆ.

ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕಲ್ಲು ಇಡುವವನೊಬ್ಬ ಇರಬೇಕು. ಏರಿನಲ್ಲಿ ಭಾರ ಎಳೆಯಲಾರದೆ ಎಂಜಿನ್ ಸೋತಾಗ ಡ್ರೈವರ್ ಬ್ರೇಕು ಒತ್ತಿ ನಿಲ್ಲುತ್ತಾನೆ. ಹಿಂದಿನವನು ಜಿಗಿದು ಟ್ರೇಲರಿನ ಗಾಲಿಯ ಕೆಳಗೆ ಕಲ್ಲು ಇಡುತ್ತಾನೆ. ಆಮೇಲೆ ಡ್ರೈವರ್ ಬ್ರೇಕು ಬಿಟ್ಟರೆ ಭಾರವೆಲ್ಲ ಕಲ್ಲಿನ ಮೇಲೆ ಕೂರುತ್ತದೆ. ಎಂಜಿನ್ ಸ್ವಲ್ಪ ದಣಿವಾರಿಸಿಕೊಂಡು ಮತ್ತೆ ಹತ್ತುತ್ತದೆ. ನನ್ನ ಹಿಂದೆ ಕಲ್ಲು ಇಡುತ್ತಿದ್ದವನು ನನ್ನ ಗೆಳೆಯ. ಕಲ್ಲೋಳಿಯವನು, ನನ್ನದೇ ವಯಸ್ಸು, ಸಾಲೆಯಲ್ಲಿ ನನ್ನ ಬಾಜೂ ಕೂಡುತ್ತಿದ್ದವನು. ನಮ್ಮಿಬ್ಬರ ನಡುವೆ ಒಂದು ಖೂನ, ಗುರುತಿನ ಸನ್ನೆ, ಇತ್ತು. ಕಲ್ಲು ಕೂತ ಮೇಲೆ ಅವನು ನಟ್ಟು ಬಿಚ್ಚುವ ದೊಡ್ಡ ಪಾನಾದಿಂದ ಟ್ರೇಲರಿನ ಕಬ್ಬಿಣಕ್ಕೆ ಎರಡು ಸಲ ಬಡಿಯಬೇಕು. ಟಣ್, ಟಣ್. ಅದು ಕೇಳುವವರೆಗೆ ನಾನು ಬ್ರೇಕು ಬಿಡಬಾರದು. ಎಂಜಿನ್ ಸದ್ದಿನಲ್ಲೂ ಆ ಬಡಿತ ಕೇಳುತ್ತಿತ್ತು. ಒಮ್ಮೊಮ್ಮೆ ಸೀಟಿನ ಕೆಳಗೇ ತಿಳಿಯುತ್ತಿತ್ತು.

ಆಮೇಲೆ ನಾನು ಟೇಪು ಹಾಕಿಸಿದೆ. ದೊಡ್ಡ ಸ್ಪೀಕರು. ಎಲ್ಲರೂ ಹಾಕಿಸುತ್ತಿದ್ದರು. ಹಾಡಿಲ್ಲದ ಟ್ರ್ಯಾಕ್ಟರ್ ಬಂದರೆ ಮಂದಿ, "ಏನೋ, ಸುತಕಾ ಐತೇನು?" ಎಂದು ಕುಶಾಲ ಮಾಡುತ್ತಿದ್ದರು. ಹಾಡು ಹಚ್ಚಿದ ಮೇಲೆ ಪಾನಾದ ಬಡಿತ ಕೇಳದಾಯಿತು. ಹಾಡು ಇಳಿಸಬೇಕಿತ್ತು. ನಾನು ಇಳಿಸಲಿಲ್ಲ. ಬದಲಿಗೆ ಎಣಿಸತೊಡಗಿದೆ. ಅವನಿಗೆ ಕಲ್ಲು ಇಡಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿತ್ತು. ಹತ್ತು ಎಣಿಸಿದರೆ ಕಲ್ಲು ಕೂತಿರುತ್ತದೆ. ಎರಡು ಹಂಗಾಮು ಹಾಗೆಯೇ ನಡೆಯಿತು. ಅವನು ಹಿಂದೆ ಬಡಿಯುತ್ತಿದ್ದ, ನಾನು ಮುಂದೆ ಎಣಿಸುತ್ತಿದ್ದೆ. ತಾನು ಬಡಿಯುವುದು ನನಗೆ ಕೇಳುತ್ತಿದೆ ಎಂದೇ ಅವನು ನಂಬಿದ್ದ.

ಆ ದಿನ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಿಂದ ಕಬ್ಬು ತುಂಬಿಕೊಂಡು ಹೊರಟಿದ್ದೆವು. ಮಧ್ಯಾಹ್ನದ ಬಿಸಿಲು. ಕಾಲುವೆಯ ನೀರು ಒಡೆದು ಏರಿನ ಮೇಲೆ ಹರಿದು ಕೆಂಪು ರಾಡಿಯಾಗಿತ್ತು. ಅರ್ಧ ಏರಿನಲ್ಲಿ ಎಂಜಿನ್ ಸೋತಿತು. ಬ್ರೇಕು ಒತ್ತಿದೆ. ಅವನು ಜಿಗಿದದ್ದು ಗೊತ್ತಾಯಿತು. ಎಣಿಸಿದೆ. ಹಾಡು ಚೆನ್ನಾಗಿತ್ತು, ಬೆರಳಿನಿಂದ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದೆ. ಎಂಟು, ಒಂಬತ್ತು, ಹತ್ತು. ಕಾಲು ಎತ್ತಿದೆ.

ಟ್ರೇಲರ್ ಕಲ್ಲಿನ ಮೇಲೆ ಕೂರಲಿಲ್ಲ. ಹಿಂದಕ್ಕೆ ಹೋಯಿತು. ಬಹಳ ಅಲ್ಲ, ಒಂದು ಮಾರು. ಆಮೇಲೆ ಏನೋ ಸಿಕ್ಕಿ ನಿಂತಿತು. ನಾನು ಮತ್ತೆ ಬ್ರೇಕು ಒತ್ತಿ ಹಿಡಿದೆ. ಈಗಿನವರೆಗೂ ಒತ್ತಿ ಹಿಡಿದೇ ಇದ್ದೇನೆ.

ಇನ್ನೊಂದು ಹೇಳಬೇಕು. ಇದೇ ಹೇಳಲು ಕಷ್ಟ. ಟ್ರೇಲರ್ ನಿಂತ ಕೂಡಲೇ ನನ್ನ ಬಲಗೈ ಮೊದಲು ಮಾಡಿದ ಕೆಲಸ ಟೇಪು ಬಂದ್ ಮಾಡಿದ್ದು. ಹಿಂದೆ ತಿರುಗಿ ನೋಡುವ ಮೊದಲು, ಇಳಿಯುವ ಮೊದಲು. ಕೈಗೆ ಯಾರೂ ಹೇಳಲಿಲ್ಲ. ಆಮೇಲೆ ಅವನ ಕೂಗು ಕೇಳಿತು.

ಹೊಲದಿಂದ ಮಂದಿ ಓಡಿ ಬಂದಾಗ ಟ್ರ್ಯಾಕ್ಟರ್ ಮೌನವಾಗಿತ್ತು. ಅವನಿಗೆ ಎಚ್ಚರ ತಪ್ಪಿತ್ತು. "ಹೆಂಗಾತೋ?" ಎಂದು ಕೇಳಿದರು. ನನ್ನ ಬಾಯಿ ಹೇಳಿತು: "ಕಲ್ಲ ಇಡೂದ ಮರತ ಪಾನಾ ಬಡದ. ಬಡದ್ಮ್ಯಾಲ ಬ್ರೇಕ್ ಬಿಟ್ಟೆ. ಒಂದ ಸಲಾನೂ ಒದರಲಿಲ್ಲ."

ಮೂರು ಮಾತು, ಮೂರೂ ಸುಳ್ಳು. ವಿಚಾರ ಮಾಡಿ ಹೇಳಿದ್ದಲ್ಲ. ಆದರೆ ಮರುದಿನ ವಿಚಾರ ಮಾಡಿಯೇ ಮತ್ತೆ ಹೇಳಿದೆ, ಪೊಲೀಸರ ಕಾಗದದ ಮೇಲೆ ಹೆಬ್ಬೆರಳಲ್ಲ, ನನ್ನ ದುಂಡನೆಯ ಸಹಿ ಹಾಕಿದೆ. ವಾರದ ನಂತರ ಟೇಪನ್ನು ಕಿತ್ತು, ಕ್ಯಾಸೆಟ್ಟುಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಗೋಕಾಕ ಫಾಲ್ಸಿಗಿಂತ ಮೇಲೆ ಹೊಳೆಗೆ ಎಸೆದು ಬಂದೆ. ಗೆಳೆಯನ ದುಃಖಕ್ಕೆ ಹಾಡು ಕೇಳುವುದನ್ನೇ ಬಿಟ್ಟ ಎಂದು ಮಂದಿ ಮಾತಾಡಿದರು.

ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅವನು ಊರುಗೋಲು ಹಿಡಿದು ಕಲ್ಲೋಳಿಗೆ ಮರಳುವ ಮೊದಲೇ ನನ್ನ ಮಾತು ಅಲ್ಲಿಗೆ ಮುಟ್ಟಿತ್ತು. ಅವನಿಗೊಂದು ಅಡ್ಡಹೆಸರು ಬಿತ್ತು: ಕಲ್ಲ ಮರತಾಂವ. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಕೆಟ್ಟ ಮನಸ್ಸಿನಿಂದಲ್ಲ, ರೂಢಿಯಾಗಿ. ನಾನು ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಒಂದು ಚೀಲ ಜೋಳ ಒಯ್ದು ಅವನ ಪಡಸಾಲೆಯಲ್ಲಿ ಇಳಿಸಿ, ನೀರು ಕುಡಿದು, ಕೂರದೆ ಬರುತ್ತಿದ್ದೆ. ಅದರಿಂದ ನನ್ನ ಹೆಸರು ಇನ್ನಷ್ಟು ಒಳ್ಳೆಯದಾಯಿತು.

ಗೋಕಾಕಿನ ದವಾಖಾನೆಯಿಂದ ಬಂದ ನಾಲ್ಕನೆಯ ದಿನ ಆ ಗೆಳೆಯನೇ ನನ್ನನ್ನು ನೋಡಲು ಮೂಡಲಗಿಗೆ ಬಂದ. ಒಂದೇ ಕಾಲಿನಲ್ಲಿ ಬಸ್ಸು ಹತ್ತಿ, ಇಳಿದು, ನಡೆದು. ಬಾಗಿಲಲ್ಲಿ ಊರುಗೋಲಿನ ಸದ್ದು ಕೇಳಿದಾಗಲೇ ನನ್ನ ಪಾದ ಮಂಚದ ಹಲಗೆಗೆ ಹೋಯಿತು.

"ಏನೋ ದೋಸ್ತ, ನನಗಿಂತ ಮೊದಲ ಹೊಂಟಿದ್ಯಂತ?" ಎಂದು ನಗುತ್ತಾ ಕೂತ. ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ಅವನು ತಲೆ ತಗ್ಗಿಸಿ ದನಿ ಇಳಿಸಿದ.

"ಟ್ರ್ಯಾಕ್ಟರ್ ನೋಡಿ ನಿನಗ ಹಿಂಗಾತಂತ ಕೇಳಿದ್ನಿ. ಎಲ್ಲಾ ನನ್ನಿಂದ. ಅವತ್ತ ನಾ ಕಲ್ಲ ಸರಿ ಇಟ್ಟಿದ್ರ ನಿನ್ನ ಮನಸ್ಸಿಗೆ ಈ ಘಾಸಿ ಇರತಿದ್ದಿಲ್ಲ. ಒಂದ ದಿನಾನೂ ನೀ ನನಗ ಬಯ್ಯಲಿಲ್ಲ. ಅದ ನನಗ ಭಾಳ ಹತ್ತತೈತಿ."

ನಾನು ಗೋಡೆಯನ್ನು ನೋಡುತ್ತಿದ್ದೆ. ಅವನು ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡ.

"ಕಾಲ ಹೋತು, ಅದಕ್ಕೇನಿಲ್ಲೋ. ಈ ಕೈ ನಂಬಾಕ ಆಗವಲ್ದು. ಎತ್ತ ಕಟ್ಟಿದ್ರ ಮೂರ ಸಲ ಹೋಗಿ ಗಂಟ ನೋಡತೀನಿ. ಬಾಗಲದ ಚಿಲಕಾ ಮೂರ ಸಲ. ಮನ್ಯಾಗ ಮೊಮ್ಮಗಳ ಬಂದಾಳ, ಆರ ತಿಂಗಳಾತು. ಇನ್ನೂ ಎತ್ತಿಕೊಂಡಿಲ್ಲ. ಎತ್ತಿಕೊಂಡೇನಿ ಅನ್ನೂದ ಈ ಕೈ ಮರತಬಿಟ್ರ?"

ಹೆಂಡತಿ ಚಹಾ ತಂದಳು. ಅವನು ಬಸಿಗೆ ಸುರಿದುಕೊಂಡು ಕುಡಿದ. ಅವನು ಹೋಗುವಾಗ ನಾನು ಬಾಗಿಲವರೆಗೂ ಎದ್ದು ಬರಲಿಲ್ಲ.

ಅಲ್ಲಿಯವರೆಗೆ ನಾನು ಅವನಿಂದ ಕಾಲೊಂದನ್ನೇ ತೆಗೆದುಕೊಂಡಿದ್ದೇನೆ ಎಂದು ತಿಳಿದಿದ್ದೆ. ಎರಡು ಕೈಗಳನ್ನೂ ತೆಗೆದುಕೊಂಡಿದ್ದೆ. ಅವು ಆರು ತಿಂಗಳ ಮಗುವಿನ ಮುಂದೆ ಅಂಗಾತ ಬಿದ್ದಿದ್ದವು.

ಎಂಟು ದಿನ ಉಣ್ಣಲಾಗಲಿಲ್ಲ. ಹೆಂಡತಿಗೆ ಮೊದಲು ಹೇಳಿದೆ. ಅವಳು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಹೇಳುತ್ತಾ ಹೋದಂತೆ ಅವಳ ಕೈ ಸಾವಕಾಶವಾಯಿತು, ನಿಂತಿತು. ಕಾಲನ್ನು ತೊಡೆಯಿಂದ ಎತ್ತಿ ಕೆಳಗಿಟ್ಟಳು. "ಹೋಗಿ ಬರ್ರಿ ಕಲ್ಲೋಳಿಗೆ" ಎಂದಷ್ಟೇ ಅಂದಳು. ಅಂದಿನಿಂದ ಎಣ್ಣೆಯ ಬಟ್ಟಲು ಗೋಡೆಯ ಮಾಡದಲ್ಲೇ ಇದೆ.

ಕಲ್ಲೋಳಿ ಮೂಡಲಗಿಯಿಂದ ದೂರವೇನಿಲ್ಲ. ಆದರೆ ಎರಡು ಸಲ ಬಸ್ ಸ್ಟ್ಯಾಂಡಿನಿಂದ ತಿರುಗಿ ಬಂದೆ. ಮೂರನೆಯ ಸಲ ಹತ್ತಿದೆ. ಬಸ್ಸು ಕೆಟ್ಟು ನಿಂತರೆ ಸಾಕೆಂದು ಬೇಡಿಕೊಂಡೆ. ಕೆಡಲಿಲ್ಲ.

ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. "ಬರ್ರಿ ಅಣ್ಣಾರ, ಸುಗ್ಗಿ ಇಲ್ಲದಾಗ ಬಂದೀರಿ!" ಎಂದಳು. ಒಳಗೆ ತೊಟ್ಟಿಲಲ್ಲಿ ಮಗು ಕೈಕಾಲು ಆಡಿಸುತ್ತಿತ್ತು. ನಾನು ಕೂರಲಿಲ್ಲ. ಕೂತರೆ ಹೇಳಲಾರೆನೆಂದು ನಿಂತೇ ಹೇಳಿದೆ. ಟೇಪು, ಎಣಿಕೆ, ಹತ್ತು, ಮೊದಲು ಟೇಪು ಬಂದ್ ಮಾಡಿದ್ದು, ಆಮೇಲೆ ಹೇಳಿದ ಮೂರು ಮಾತು. ದನಿ ನನ್ನದೆನಿಸಲಿಲ್ಲ.

ಹಗ್ಗದ ಎಳೆ ಅವನ ಅಂಗೈಯಲ್ಲಿ ಬಿಚ್ಚಿಕೊಂಡು ಹೋಯಿತು.

"ನಾ ಬಡದಿದ್ದಿಲ್ಲ ಹಂಗಾರ?" ಎಂದ.

"ಗೊತ್ತಿಲ್ಲೋ. ನಾ ಕೇಳಾಕ ನಿಂದರಲೇ ಇಲ್ಲ."

"ಬಡದಿದ್ದಿಲ್ಲ." ಅವನು ತನಗೇ ಹೇಳಿಕೊಳ್ಳುವಂತೆ ಹೇಳಿದ. "ಕಲ್ಲ ರಾಡ್ಯಾಗ ಜಾರಾಕತ್ತಿತ್ತು. ಎರಡನೇ ಸಲ ಇಡಾಕತ್ತಿದ್ನಿ. ಗಾಲಿ ಅಳ್ಳಾಡಿದ್ದ ನೋಡಿ ತಡೀ, ತಡೀ ಅಂತ ಒದರಿದ್ನಿ. ನನಗ ಚೊಲೋ ನೆನಪಿತ್ತು. ದವಾಖಾನ್ಯಾಗ ಎಲ್ಲಾರೂ ಅಂದ್ರು, ನೀ ಒದರೇ ಇಲ್ಲ, ಮರತ ಬಡದೀ ಅಂತ. ಕನಸ ಬಿದ್ದಿರಬೇಕ ಅಂದ್ಕೊಂಡ್ನಿ. ನೀ ಅಂದೀ ಅಂದ್ರ ಖರೆ ಇರಬೇಕ ಅಂದ್ಕೊಂಡ್ನಿ."

ಅವನ ಹೆಂಡತಿ ಮೊರ ಕೆಳಗಿಟ್ಟಳು. ಎದ್ದು ನನ್ನ ಹತ್ತಿರ ಬಂದಳು. ಅವಳು ಹೊಡೆಯುತ್ತಾಳೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ವರ್ಷಾ ಜ್ವಾಳಾ ತಂದ ಹಾಕತಿದ್ದೆಲ್ಲೋ. ಆ ಜ್ವಾಳದ ರೊಟ್ಟಿ ಬಡದ, ನಿನ್ನ ಪುಣ್ಯಾ ಹೇಳಿ ಹೇಳಿ ಈತಗ ಉಣಿಸೇನಿ ನಾ" ಎಂದಳು. ಅಣ್ಣಾರ ಎಂಬುದು ಹೋಗಿತ್ತು.

ಗೆಳೆಯ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದ. ಆಮೇಲೆ ನನ್ನನ್ನು ಕೇಳಿದ: "ಯಾವ ಹಾಡ ಹತ್ತಿತ್ತು?"

ಹೇಳಿದೆ. ಆಗಿನ ಕಾಲದ ಮದುವೆ ಮನೆಗಳಲ್ಲಿ ಹಚ್ಚುತ್ತಿದ್ದ ಒಂದು ಚೇಷ್ಟೆಯ ಹಾಡು.

"ಹೂಂ. ಅದನ್ನ ಹಚ್ಚಂತ ಮುಂಜಾನಿ ನಾನ ಅಂದಿದ್ನಿ" ಎಂದ. ಅವನ ಗಲ್ಲದ ಮೇಲೆ ಏನೋ ಅದುರಿತು, ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಊರುಗೋಲು ಎಳೆದುಕೊಂಡು ಎದ್ದ. "ನಡಿ ಚಾದಂಗಡಿಗೆ. ಅಲ್ಲಿ ಹೇಳ."

ನನ್ನ ಹಿಮ್ಮಡಿ ನೆಲಕ್ಕೆ ಅಂಟಿತು. ಸೋಮವಾರ ಬಂದು ಹೇಳುತ್ತೇನೆ ಎಂದೆ. ಎದೆ ಸರಿ ಇಲ್ಲ ಎಂದೆ.

"ಇಪ್ಪತ್ತ ವರ್ಷ ಟೈಮ್ ಕೊಟ್ಟಂಗಾತು ನಿನಗ. ಎತ್ತಿನ ಎದಿ ಐತಂತ ಡಾಕ್ಟರ ಹೇಳ್ಯಾನಂತ, ನಿನ್ನ ಮನ್ಯಾಕಿ ನನಗ ಹೇಳ್ಯಾಳ. ನಡಿ."

ಅವನು ಮುಂದೆ, ನಾನು ಹಿಂದೆ. ಆ ಓಣಿಯಲ್ಲಿ ಅವನ ಊರುಗೋಲು ಒಂದೊಂದು ಸಲ ಊರಿದಾಗಲೂ ಅವನು ಜಾರುತ್ತಾನೆ, ನನ್ನ ಮೇಲೆ ಬೀಳುತ್ತಾನೆ ಎಂದು ನನಗೆ ಹೆದರಿಕೆ. ಯಾರ ಹಿಂದೆಯೂ ನಾನು ಹಾಗೆ ನಡೆದಿರಲಿಲ್ಲ.

ಚಾದಂಗಡಿ ಬಸ್ಸು ನಿಲ್ಲುವ ಕಡೆ ಇದೆ. ಮೂರು ಕಡೆ ತಗಡಿನ ಪತ್ರಾ, ಕೂರಲು ಎರಡು ಬಾಕು. ಐದಾರು ಹಿರಿಯರು ಕೂತಿದ್ದರು. ಒಬ್ಬ ಅವನನ್ನು ಕಂಡ ಕೂಡಲೇ ಕೂಗಿದ.

"ಬಂದಾ ನೋಡ್ರಪಾ ಕಲ್ಲ ಮರತಾಂವಾ! ಇವತ್ತ ಊರಗೋಲ ಮರತ ಬಂದಿಲ್ಲಲ್ಲ?"

ಎಲ್ಲರೂ ನಕ್ಕರು. ಅವನೂ ನಕ್ಕ, ರೂಢಿಯಂತೆ. ಆಮೇಲೆ ನಗು ನಿಲ್ಲಿಸಿ, "ಈತಂದೇನೋ ಹೇಳೂದೈತಂತ, ಕೇಳ್ರಿ" ಎಂದ.

ಆರು ಜೋಡಿ ಕಣ್ಣು ನನ್ನ ಮೇಲೆ ಬಂದವು. ಬಾಯಿ ತೆರೆದೆ. ಉಸಿರು ಗಂಟಲಲ್ಲಿ ನಿಂತಿತು. ಬಲಗಾಲು ನೆಲವನ್ನು ಒತ್ತುತ್ತಿತ್ತು. ನನಗೆ ಗೊತ್ತಿಲ್ಲದೆ ಒಳಗೆ ಎಣಿಕೆ ಶುರುವಾಗಿತ್ತು. ಮೂರು, ನಾಲ್ಕು. ಹತ್ತಕ್ಕೆ ಮತ್ತೆ ಏನೋ ಉರುಳುತ್ತದೆ. ಓಡಿಬಿಡಬೇಕು. ಆರು, ಏಳು.

ಆಗ ಅವನು ಊರುಗೋಲು ಎತ್ತಿ ಪತ್ರಾಕ್ಕೆ ಬಡಿದ. ಎರಡು ಸಲ.

ತಗಡಿನ ಸದ್ದು ನನ್ನ ಬೆನ್ನೆಲುಬಿಗೆ ಬಂದು ತಾಗಿತು. ಅವನ ಮುಖ ನೋಡಿದೆ. ಅವನು ಸಿಟ್ಟಿನಲ್ಲಿದ್ದ, ಕಣ್ಣು ಕೆಂಪಾಗಿದ್ದವು. ಆದರೂ ಖೂನ ಕೊಟ್ಟಿದ್ದ. ಕಾಲಿನ ಒತ್ತು ಎಷ್ಟೋ ಸಡಿಲಾಯಿತು. ಉಸಿರು ಹೊರಗೆ ಬಂತು, ಅದರ ಹಿಂದೆ ಮಾತು ಬಂತು.

ಹೇಳಿ ಮುಗಿಸಿದಾಗ ಒಲೆಯ ಮೇಲಿನ ಚಹಾ ಉಕ್ಕಿ ಚುರ್ ಎಂದಿತು. ಒಬ್ಬರು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅಡ್ಡಹೆಸರು ಹಿಡಿದು ಕೂಗಿದ್ದವನು ತಲೆ ತಗ್ಗಿಸಿ, "ಹಲ್ಕಟ್ ಮುದುಕಾ, ಇಷ್ಟ ದಿವಸ ಎಲ್ಲಿ ಹೋಗಿದ್ದಿ?" ಎಂದ. ಅಂಗಡಿಯವನು ಒಂದು ಕಪ್ ಚಹಾ ನನ್ನ ಗೆಳೆಯನ ಮುಂದಿಟ್ಟ. ನನ್ನ ಮುಂದೆ ಇಡಲಿಲ್ಲ. ನನಗೆ ಅದು ಸರಿ ಎನಿಸಿತು.

ಹೆದರಿಕೆ ಹೋಯಿತು ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಮೂಡಲಗಿಗೂ ಸುದ್ದಿ ಬಂದಿದೆ. ಓಣಿಯಲ್ಲಿ ಹೊರಟರೆ ಮಾತು ನಿಲ್ಲುತ್ತದೆ, ನಾನು ದಾಟಿದ ಮೇಲೆ ಮತ್ತೆ ಹುಟ್ಟುತ್ತದೆ. ಹಾಡಿನ ಟ್ರ್ಯಾಕ್ಟರ್ ಬಂದರೆ ಈಗಲೂ ಬೆವರುತ್ತೇನೆ. ಆದರೆ ಗೋಕಾಕಿನ ಆ ಹೆಣ್ಣುಮಗಳು ಹೇಳಿದ್ದನ್ನು ಈಗ ಸ್ವಲ್ಪ ಮಾಡಬಲ್ಲೆ. ಕಣ್ಣು ಮುಚ್ಚಿ ಕೇಳುತ್ತೇನೆ. ಬಾವಿಯ ಗಡಗಡಿ, ಪಕ್ಕದ ಮನೆಯ ಕುಕ್ಕರು, ಹೆಂಡತಿಯ ಬಳೆ. ಮೊದಲು ಕೇಳುವುದೆಂದರೆ ಎಣಿಸುವುದಕ್ಕಿಂತ ದೊಡ್ಡ ಭಯವಿತ್ತು. ಎಲ್ಲ ಸದ್ದಿನ ಹಿಂದೆ ಒಂದು ಕೂಗು ಇರುತ್ತಿತ್ತು. ಈಗಲೂ ಇರುತ್ತದೆ. ಅದು ಏನು ಕೂಗುತ್ತದೆಂದು ಈಗ ಗೊತ್ತು: ತಡೀ, ತಡೀ. ಕೇಳಿ ತಡೆಯುತ್ತೇನೆ.

ಹದಿನೈದು ದಿನ ಬಿಟ್ಟು ಮತ್ತೆ ಕಲ್ಲೋಳಿಗೆ ಹೋದೆ. ಅವನ ಹೆಂಡತಿ ನನ್ನನ್ನು ನೋಡಿ ಬರ್ರಿ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗೆ ಹೋದಳು. ಅವನು ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದ. ಮೊಮ್ಮಗಳು ಅವನ ತೊಡೆಯ ಮೇಲಿದ್ದಳು. ಎರಡೂ ಕೈಯಿಂದ ಅವಳ ನಡುವನ್ನು ಸುತ್ತಿ ಹಿಡಿದಿದ್ದ, ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು. ಮಗು ಅವನ ಮೀಸೆ ಎಳೆಯುತ್ತಿತ್ತು.

ನಾನು ಬಾಗಿಲಲ್ಲೇ ನಿಂತೆ. ಅವನು ನನ್ನ ಕಾಲಿನ ಕಡೆ ನೋಡಿದ.

"ಎಣಸಾಕ ಹತ್ತಬ್ಯಾಡ ಮತ್ತ. ಸುಮ್ನ ಕುಂದ್ರು" ಎಂದ.

ಹಿಮ್ಮಡಿ ಇನ್ನೂ ತಣ್ಣಗೇ ಇತ್ತು. ಅವನಿಂದ ಒಂದು ಮಾರು ದೂರ, ನೆಲದ ಮೇಲೆ ಕೂತೆ.